ತಂಗಳು

ತಣ್ಣನೆಯ ಕೂಳೇ ತಂಗಳು ಎಂದು ಕಲಿಸಿದ್ದರು
ನಾಪೋಕ್ಲು ಶಾಲೆಯಲ್ಲಿ ಕನ್ನಡದ ಮೇಷ್ಟರು.
ಕಕ್ಕಬ್ಬೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುವ ನನಗೆ
ಅಷ್ಟು ಸಾಲದು.
ರಾತ್ರಿ ತಂಗಿದ್ದೆಲ್ಲ ತಂಗಳೇ ನನ್ನ ಲೆಕ್ಕಕ್ಕೆ:
ಅನ್ನ, ಸಾರು, ಅತಿಥಿ.

ಬಾತುಕೋಳಿ ಬೇಕೆಂದಿದ್ದ, ಇಡಿಯಾಗಿ, ಸುಟ್ಟದ್ದು.
ಮದುವೆಯಾಗಿ ಹನ್ನೊಂದು ವರ್ಷವಂತೆ.
ಪುಸ್ತಕದಲ್ಲಿ ಬರೆದದ್ದು: ವಿನಯಚಂದ್ರ, ಮತ್ತು ಒಬ್ಬರು.
ಎರಡು ರಾತ್ರಿಯ ದುಡ್ಡು, ಬಾತಿನ ದುಡ್ಡು ಮೊದಲೇ ಎಣಿಸಿ
ಚಿಲ್ಲರೆ ಇಟ್ಟುಕೊಳ್ಳಿ ಎಂದ.
ರೂಪೇನ್ ಗರಿ ಕಿತ್ತ. ನಾನು ಉಪ್ಪು ಮೆಣಸು ಬೆಳ್ಳುಳ್ಳಿ ತಿಕ್ಕಿ
ಎರಡೂವರೆ ಗಂಟೆ ಕಾದೆ, ಚರ್ಮ ಚಟಪಟ ಎನ್ನುವವರೆಗೆ.
ಮುರಿದದ್ದು ಒಂದೇ ಒಂದು ಕಾಲು.
ಆಮೇಲೆ ವರಾಂಡದಲ್ಲಿ ದನಿ ಏರಿತು, ಇಳಿಯಿತು,
ಕಾರಿನ ಬಾಗಿಲು ಒಂದು ಸಲ ಬಡಿಯಿತು.
ಎರಡು ಸಲ ಬಡಿಯಬೇಕಿತ್ತು.

ಬೆಳಗಿನ ಬಸ್ಸು ಹೋಯಿತು. ಮಧ್ಯಾಹ್ನದ್ದೂ.
ಅವಳು ಕಣದ ಅಂಚಿಗೆ ಕೂತು
ಒಣಗಲು ಹರವಿದ ಕಾಫಿಯನ್ನು ಕಾಲ್ಬೆರಳಲ್ಲಿ ಸರಿಸುತ್ತಿದ್ದಳು,
ಒಂದೊಂದೇ ಹಣ್ಣು, ಎಲ್ಲಿಗೂ ಅಲ್ಲ.
ತಡಿಯಂಡಮೋಳಿನ ನೆರಳು ಇಳಿದು ಚಳಿ ಹತ್ತಿದಾಗ
ಒಳಗೆ ಬಂದು, ಕೇಳದೆಯೇ, ಚೂರಿ ಎತ್ತಿಕೊಂಡಳು.

ಎಂಜಲಲ್ಲವೇ ಅದು, ಎಂದಳು ಬಾತನ್ನು ನೋಡಿ.
ಅಲ್ಲ, ಮಿಕ್ಕದ್ದು, ಎಂದೆ.
ಬಾಯಿ ತಾಕಿದರೆ ಎಂಜಲು.
ಇದಕ್ಕೆ ಬರೀ ಮಾತು ತಾಕಿದೆ.

ಮೂಳೆಯಿಂದ ಮಾಂಸ ಬಿಡಿಸಿದೆ, ಬೆರಳಲ್ಲೇ,
ಬೆನ್ನಿನ ಸಂದಿಯ ಚೂರನ್ನೂ ಬಿಡದೆ.
ಮೂರನೆಯ ಆಲೂಗೆಡ್ಡೆ ಸುಲಿಯುತ್ತ ವನಮಾಲಾ ಎಂದಳು,
ತನ್ನ ಹೆಸರನ್ನು, ಆಲೂಗೆಡ್ಡೆಗೆ ಹೇಳಿದ ಹಾಗೆ.
ಬೆಣ್ಣೆಗೆ ಮೈದಾ, ಮೈದಾಕ್ಕೆ ಹಾಲು, ಗಂಟು ಕಟ್ಟದಂತೆ ಕೈ ಬಿಡದೆ;
ಪಾಲಿಬೆಟ್ಟದ ಬಂಗಲೆಯಲ್ಲಿ ಅಡುಗೆಗಿದ್ದ ನನ್ನತ್ತೆಯ ಪಾಠ ಇದು.
ಆ ದೊರೆಸಾನಿ ಜಾಯಿಕಾಯಿ ತೇಯುತ್ತಿದ್ದಳಂತೆ.
ನಾನು ಮಾಂಸಕ್ಕೆ ಎರಡು ಹನಿ ಕಾಚಂಪುಳಿ ಬಿಡುತ್ತೇನೆ,
ನಾಲ್ಕು ಗಾಂಧಾರಿ ಮೆಣಸು ಜಜ್ಜುತ್ತೇನೆ.
ಹಾಲಿನ ಸಾಧುತನವನ್ನು ಪೂರ್ತಿ ನಂಬುವವಳಲ್ಲ ನಾನು.

ಆಲೂ, ಬಾತು, ಬಿಳಿ ಸಾಸು, ಮತ್ತೆ ಆಲೂ.
ಮೇಲೆ ಒಣಗಿದ ಬ್ರೆಡ್ಡಿನ ಪುಡಿ,
ಅದರ ಮೇಲೆ ಬಾತಿನದೇ ಕೊಬ್ಬು, ನಿನ್ನೆ ಬಸಿದು ಇಟ್ಟದ್ದು.
ಓವನ್ನಿಗೆ ಇಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ರೂಪೇನ್ ಬಚ್ಚಲೊಲೆಯ ಕೆಂಡ ತಂದ.
ಕೆಳಗೊಂದಿಷ್ಟು, ಮುಚ್ಚಳದ ಮೇಲೊಂದಿಷ್ಟು.
ಮೇಲೂ ಬೆಂಕಿ, ಕೆಳಗೂ ಬೆಂಕಿ,
ನಡುವೆ ಸದ್ದಿಲ್ಲದೆ ಬೇಯುವುದು ಅದರ ಕೆಲಸ.
ಏನಾಯಿತು ಏನಾಯಿತು ಎಂದು
ಮುಚ್ಚಳ ತೆಗೆದು ತೆಗೆದು ನೋಡಿದರೆ ಕೆಟ್ಟಿತು.
ನಾನು ಅವಳನ್ನೂ ಏನಾಯಿತೆಂದು ಕೇಳಲಿಲ್ಲ.

ಮೇಣದಬತ್ತಿ ಒಂದು, ತಟ್ಟೆ ಮೂರು.
ಮೇಲಿನ ಹೊಂಬಣ್ಣದ ಹಪ್ಪಳವನ್ನು ಚಮಚ ಒಡೆದಾಗ
ಒಳಗಿನ ಹಬೆ ಅವಳ ಕನ್ನಡಕಕ್ಕೆ ಕವಿಯಿತು.
ತೆಗೆದು ಒರೆಸಿದಳು. ಬಹಳ ಹೊತ್ತು ಒರೆಸಿದಳು.
ನಗಾಂವಿನಲ್ಲಿ ಅಮ್ಮ ಬಾತಿಗೆ ಬೂದುಗುಂಬಳ ಹಾಕುತ್ತಾಳೆ,
ಎಂದ ರೂಪೇನ್ ತನ್ನ ಕನ್ನಡದಲ್ಲಿ,
ಅದು ಬಾತು; ಇದೂ ಪರವಾಗಿಲ್ಲ.
ಅವಳು ನಕ್ಕಳು, ಬಾಯಲ್ಲಿ ತುತ್ತಿರುವಾಗಲೇ,
ಮತ್ತೆ ಬಡಿಸಿಕೊಂಡಳು,
ಕೊನೆಗೆ ಪಾತ್ರೆಯ ಮೂಲೆಗೆ ಹತ್ತಿದ ಕರಿಯ ಅಂಚನ್ನು
ಗರಗರ ಕೆರೆದು ತಿಂದಳು.
ಆ ಅಂಚು ನನಗೆಂದು ಬಿಟ್ಟುಕೊಂಡಿದ್ದೆ. ಹೇಳಲಿಲ್ಲ.

ವಿರಾಜಪೇಟೆ ಬಸ್ಸಿಗೆ ಮುಂಚೆ ಎಷ್ಟಾಯಿತೆಂದಳು.
ಕೋಣೆಯದು ಬಂದಿದೆ, ಬಾತಿನದು ಬಂದಿದೆ,
ಆಲೂಗೆಡ್ಡೆ ಸುಲಿದವಳು ನೀನು.
ಹಾಲಿಗೆ ಹದಿನೈದು.
ಇಪ್ಪತ್ತರ ನೋಟು ಕೊಟ್ಟಳು.
ಐದು ರೂಪಾಯಿಗೆ ಡಬ್ಬಿ ತಡಕಿದೆ.
ಬಸ್ಸು ತಿರುವಿನಲ್ಲಿ ಹಾರನ್ನು ಹಾಕುತ್ತಿದ್ದರೂ
ಕೈ ಚಾಚಿಯೇ ನಿಂತಿದ್ದಳು.
ಚಿಲ್ಲರೆ ಇಟ್ಟುಕೊಳ್ಳಿ ಎನ್ನಲಿಲ್ಲ.